ಮನೆ ಬಾಗಲ ಲಾಕಿಗೆ ಮೋಟರ್ ಕೂರಿಸೋ ಮುಂಚೆ

ಪ್ರಶ್ನೆ: ನಮ್ಮನೆ ಕಾರವಾರದ ಕೋಡಿಬಾಗದಲ್ಲಿ, ಸಮುದ್ರಕ್ಕೆ ಹತ್ರ. ಆಯಿ ಒಬ್ಬಳೇ ಇರ್ತಾಳೆ, ಎಪ್ಪತ್ತು ದಾಟಿದೆ, ಬೆರಳ ಗಂಟು ನೋವು, ಕೀ ತಿರುಗಿಸೋಕೆ ಒದ್ದಾಡ್ತಾಳೆ. ನಾನಿರೋದು ಬೆಂಗಳೂರಲ್ಲಿ. ಮುಂಬಾಗಲಿಗೆ ಹ್ಯಾಂಡಲ್ ಇರೋ ಮಾರ್ಟೈಸ್ ಲಾಕ್ (ಬಾಗಲ ಮರದೊಳಗೇ ಕೂರೋದು) ಇದೆ, ಒಳಗೂ ಹೊರಗೂ ಕೀ, ಪೂರ್ತಿ ಎರಡು ಸುತ್ತು ತಿರುಗಿಸ್ಬೇಕು. ರೆಡಿಮೇಡ್ ಸ್ಮಾರ್ಟ್ ಲಾಕ್ ಹಾಕೋಕೆ ಬಾಗಲು ಕೊರೀಬೇಕಂತೆ, ಅಪ್ಪ ಮಾಡಿಸಿದ ಸಾಗವಾನಿ ಬಾಗಲು, ಕೊರೆಯೋಕೆ ಮನಸ್ಸಿಲ್ಲ. ವೈಫೈ ಇರೋ ಇಎಸ್‌ಪಿ32 ಕಂಟ್ರೋಲ್ ಬೋರ್ಡು, ಎಂಜಿ996ಆರ್ ಸರ್ವೋ (ಹೇಳಿದಷ್ಟು ಕೋನಕ್ಕೆ ತಿರುಗೋ ಚಿಕ್ಕ ಮೋಟರ್) ತಂದಿಟ್ಟಿದ್ದೇನೆ. ಒಳಗಿನ ಕೀಗೆ ಸರ್ವೋ ಕೂರಿಸಿ ಫೋನಿಂದ ಬಾಗಲು ತೆಗೆಯೋ ಹಾಗೆ ಮಾಡ್ಬಹುದಾ? ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಏನು ಗತಿ?

ಉತ್ತರ:

ಮಾಡ್ಬಹುದು, ಬಾಗಲಿಗೆ ಒಂದು ತೂತೂ ಹೊಡೀದೆ ಮಾಡ್ಬಹುದು. ಆದ್ರೆ ನೀವು ತಂದ ಸರ್ವೋ ಈ ಲಾಕಿಗೆ ಆಗೂದಿಲ್ಲ, ಒಳಗಿನ ಕೀಗೆ ಮೋಟರ್ ಕೂರಿಸೋ ಯೋಚನೆಯನ್ನೂ ಬಿಡ್ಬೇಕು, ಎರಡಕ್ಕೂ ಕಾರಣ ಮುಂದೆ ಹೇಳ್ತೇನೆ. ಈ ಇಡೀ ಕೆಲಸದಲ್ಲಿ ನಾನು ಬಿಟ್ಟುಕೊಡದ ಹಠ ಒಂದೇ. ಬ್ಯಾಟರಿ ಸತ್ತಿರ್ಲಿ, ವೈಫೈ ಹೋಗಿರ್ಲಿ, ಬೋರ್ಡೇ ಸುಟ್ಟಿರ್ಲಿ, ಒಳಗಿಂದ ಆಯಿ ಕೈಯಲ್ಲಿ ತಿರುಗಿಸಿದ್ರೆ ಬಾಗಲು ತೆಗೀಬೇಕು, ಹೊರಗಿಂದ ಕೀ ಹಾಕಿದ್ರೂ ತೆಗೀಬೇಕು. ಮನೇಲಿ ಗ್ಯಾಸಿನ ವಾಸನೆ ಬಂತು, ಹೊಗೆ ಬಂತು ಅಂದ್ರೆ ವಯಸ್ಸಾದವರು ಫೋನ್ ಹುಡುಕ್ತಾ ನಿಲ್ಲೋ ಹಾಗಾಗ್ಬಾರದು. ಮೋಟರ್ ಯಾವುದು, ಅದನ್ನ ಓಡಿಸೋ ಡ್ರೈವರ್ ಬೋರ್ಡು ಯಾವುದು, ಕೋಡ್ ಹ್ಯಾಗೆ ಅನ್ನೋದೆಲ್ಲ ಈ ಒಂದು ಮಾತಿಂದಲೇ ತೀರ್ಮಾನ ಆಗ್ತದೆ.

ಮೊದಲು ಬಾಗಲು ನೋಡಿ, ಎಲೆಕ್ಟ್ರಾನಿಕ್ಸ್ ಆಮೇಲೆ. ಬಾಗಲು ತೆರೆದಿಟ್ಟುಕೊಂಡು ಕೀ ತಿರುಗಿಸಿ ನೋಡಿ, ಬೋಲ್ಟ್ ಗಾಳಿಯಲ್ಲೇ ಹೊರಗೆ ಬರ್ತದೆ. ಆಮೇಲೆ ಬಾಗಲು ಹಾಕ್ಕೊಂಡು ಅದೇ ಕೀ ತಿರುಗಿಸಿ. ತೆರೆದಾಗ ಹಗುರ, ಹಾಕಿದಾಗ ಬಿಗಿ ಅಂತಾದ್ರೆ ಲಾಕಲ್ಲಿ ಏನೂ ತೊಂದ್ರೆ ಇಲ್ಲ, ಬೋಲ್ಟ್ ಹೋಗಿ ಚೌಕಟ್ಟಿನ ಪಟ್ಟಿಗೆ ಉಜ್ಜುತಾ ಇದೆ ಅಷ್ಟೇ. ನಮ್ಮ ಕರಾವಳಿಯಲ್ಲಿ ಇದು ಪ್ರತಿ ಮನೆ ಕತೆ. ಮರ ತೇವ ಹೀರಿದಾಗ ನಾರಿನ ಉದ್ದಕ್ಕೆ ಹೆಚ್ಚುಕಮ್ಮಿ ಬೆಳೆಯೋದೇ ಇಲ್ಲ, ಅಡ್ಡಕ್ಕೆ ಉಬ್ಬುತದೆ, ಹಾಗಾಗಿ ಜೂನ್ ಹಿಡಿದು ಸಪ್ಟೆಂಬರ್ ತನಕ ಬಾಗಲು ಅಗಲ ಆಗಿ ಚೌಕಟ್ಟಿಗೆ ಒತ್ತತದೆ, ಜನವರಿಯಲ್ಲಿ ಅದೇ ಬಾಗಲು ಸಲೀಸು. ಸಾಗವಾನಿ ಕಮ್ಮಿ ಉಬ್ಬೋ ಮರ, ಆದ್ರೂ ಉಬ್ಬುತದೆ, ಅದ್ರಲ್ಲೂ ಬಾಗಲ ತಲೆ ಮತ್ತು ಬುಡದ ಅಂಚಿಗೆ ಪಾಲಿಶ್ ಮಾಡದೆ ಬಿಟ್ಟಿದ್ರೆ ನೀರು ಕುಡಿಯೋದು ಅಲ್ಲಿಂದಲೇ. ಆಚಾರ್ರನ್ನ (ಬಡಗಿಯನ್ನ) ಕರೆಸಿ ಬಾಗಲು ಇಳಿಸಿ ಆ ಎರಡು ಅಂಚಿಗೆ ವಾರ್ನಿಶ್ ಕುಡಿಸಿ, ಹಿಂಜ್ ಸ್ಕ್ರೂ ಸಡಿಲ ಆಗಿದ್ರೆ ಬಿಗಿ ಮಾಡ್ಸಿ, ಚೌಕಟ್ಟಿನ ಪಟ್ಟಿಯ ಕಿಂಡಿಯನ್ನ ಬೋಲ್ಟ್ ಎಲ್ಲಿ ಉಜ್ಜಿ ಹೊಳೀತಾ ಇದ್ಯೋ ಆ ಕಡೆ ಅರ ಹಾಕಿ 2 ಮಿಲಿಮೀಟರ್ ದೊಡ್ಡದು ಮಾಡ್ಸಿ. ಇಷ್ಟಕ್ಕೇ ಅರ್ಧ ಸಮಸ್ಯೆ ಹೋಗ್ತದೆ, ಖರ್ಚೂ ಕಮ್ಮಿ.

ಇನ್ನೊಂದು, ಲಾಕಿನೊಳಗೆ ತೆಂಗಿನೆಣ್ಣೆ ಬಿಟ್ಟಿದ್ದಾರಾ ಕೇಳಿ. ನಮ್ಮ ಕಡೆ ಹಿಂಜಿಂದ ಹಿಡಿದು ಹೊಲಿಗೆ ಮಶೀನ್ ತನಕ ಎಲ್ಲದಕ್ಕೂ ಅದೇ ಔಷಧ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಕೆಳಗೆ ಹೋದ್ರೆ ಗಟ್ಟಿ ಆಗ್ತದೆ, ಡಿಸೆಂಬರಲ್ಲಿ ಶಿರಸಿ ಕಡೆಯಂತೂ ಬೆಳಗಾಗೋದ್ರೊಳಗೆ ಲಾಕಿನ ಪಿನ್ನುಗಳ ಸುತ್ತ ಹೆಪ್ಪುಗಟ್ಟಿ ಕೂತಿರ್ತದೆ, ಕಾರವಾರದಲ್ಲಿ ಅಷ್ಟು ಚಳಿ ಇಲ್ಲದಿದ್ರೂ ಧೂಳು, ಉಪ್ಪು ಎರಡನ್ನೂ ಹಿಡ್ಕೊಂಡು ಅಂಟಾಗ್ತದೆ. ಕೀ ತೂರೋ ಸಿಲಿಂಡರಿಗೆ ಒಣ ಪಿಟಿಎಫ್‌ಇ (ಟೆಫ್ಲಾನ್) ಸ್ಪ್ರೇ ಒಂದೇ ಹಾಕಿ, ಎಣ್ಣೆ ಬೇಡವೇ ಬೇಡ.

ಇದೆಲ್ಲ ಆದ್ಮೇಲೆ ಅಳತೆ. ಲಗೇಜ್ ತೂಗೋ ಹುಕ್ ತಕ್ಕಡಿ ಸಿಗ್ತದಲ್ಲ, ಅದೊಂದು ಸಾಕು. ಒಂದು ಪಟ್ಟಿಯನ್ನ ಕೀ ತಲೆಗೆ ಗಟ್ಟಿಯಾಗಿ ಕಟ್ಟಿ, ಕೀ ನಡುಮಧ್ಯದಿಂದ ಸರಿಯಾಗಿ 10 ಸೆಂಟಿಮೀಟರ್ ದೂರದಲ್ಲಿ ಹುಕ್ ಸಿಕ್ಕಿಸಿ, ಪಟ್ಟಿಗೆ ನೇರ ಅಡ್ಡಕ್ಕೆ ನಿಧಾನ ಎಳೀರಿ, ಬೋಲ್ಟ್ ಹೊರಡೋವಾಗ ಬಂದ ಅತಿ ಹೆಚ್ಚಿನ ತೂಕ ಬರ್ಕೊಳ್ಳಿ. 400 ಗ್ರಾಂ ತೋರಿಸ್ತು ಅಂದ್ರೆ 0.4 ಗುಣಿಸು 10, ಅಂದ್ರೆ 4 ಕೆಜಿ-ಸೆಂಟಿಮೀಟರ್ ತಿರುಚು ಬಲ ಬೇಕು ಅಂತ ಅರ್ಥ. ಈ ಅಳತೆ ಬಿಸಿಲಲ್ಲಿ ಒಂದ್ಸಲ, ಎಂಟು ದಿನ ಬಿಡದೆ ಮಳೆ ಹೊಡೆದ ಮೇಲೆ ಒಂದ್ಸಲ ಮಾಡಿ, ಮಳೆಗಾಲದ ಅಂಕಿನೇ ನಿಮ್ಮ ಅಂಕಿ. ಅದು 6ಕ್ಕಿಂತ ಮೇಲೆ ಹೋಗ್ತಾ ಇದ್ರೆ ದೊಡ್ಡ ಮೋಟರ್ ಹುಡುಕೋ ಬದಲು ಆಚಾರ್ರನ್ನ ಇನ್ನೊಮ್ಮೆ ಕರೆಸಿ ಅನ್ನೋದು ನನ್ನ ಸಲಹೆ, ಯಾಕಂದ್ರೆ ಅಷ್ಟು ಬಿಗಿ ಇರೋ ಬಾಗಲು ಮೋಟರ್ ಕೈಕೊಟ್ಟ ದಿನ ಆಯಿ ಕೈಗೆ ಬಗ್ಗೂದಿಲ್ಲ.

ಇದೇ ಲೆಕ್ಕದಲ್ಲಿ ಆಯಿ ಬೆರಳಿಗೆ ಯಾಕೆ ನೋವಾಗ್ತದೆ ಅಂತಾನೂ ಗೊತ್ತಾಗ್ತದೆ ನೋಡಿ. ಕೀ ತಲೆಯ ಅರ್ಧ ಅಗಲ ಸುಮಾರು 1 ಸೆಂಟಿಮೀಟರ್, ಹಾಗಾಗಿ 4 ಕೆಜಿ-ಸೆಂಟಿಮೀಟರಿನ ಲಾಕ್ ತಿರುಗಿಸೋಕೆ ಹೆಬ್ಬೆರಳು ತೋರುಬೆರಳ ತುದಿ ಮೇಲೆ ಒಟ್ಟು 4 ಕೆಜಿ ಭಾರ ಬೀಳ್ತದೆ. ಅದೇ ಜಾಗಕ್ಕೆ ನಡುವಿಂದ 5 ಸೆಂಟಿಮೀಟರ್ ಚಾಚಿದ ರೆಕ್ಕೆ ಇರೋ ದೊಡ್ಡ ತಿರುಗಣೆ ಕೂರಿಸಿದ್ರೆ 800 ಗ್ರಾಂ ಸಾಕು, ಅದನ್ನೂ ಬೆರಳಿಂದ ಹಿಡೀಬೇಕಂತಿಲ್ಲ, ಅಂಗೈಯಿಂದ ತಳ್ಳಿದ್ರಾಯ್ತು. ಬೇರೇನೂ ಮಾಡದೆ ಇದ್ರೂ ಪರವಾಗಿಲ್ಲ, ಇದೊಂದು ಈ ತಿಂಗಳೇ ಮಾಡಿಬಿಡಿ.

ಈಗ ಒಳಗಿನ ಕೀ ವಿಷಯ. ಮಾರ್ಟೈಸ್ ಲಾಕಿನ ನಡುವೆ ಕೂರೋ ಹಿತ್ತಾಳೆ ತುಂಡು ಇದೆಯಲ್ಲ, ಯೂರೋ ಸಿಲಿಂಡರ್ ಅಂತಾರೆ, ಎರಡೂ ಕಡೆ ಕೀ ಇರೋ ಸಾದಾ ಸಿಲಿಂಡರಲ್ಲಿ ಒಳಗೆ ಕೀ ಹಾಕಿಟ್ರೆ ಹೊರಗಿನ ಕೀ ಬಹಳಷ್ಟು ಸಲ ಪೂರ್ತಿ ಒಳಗೇ ಹೋಗೂದಿಲ್ಲ, ತಿರುಗೂದೂ ಇಲ್ಲ. ಮೋಟರಿಗೋಸ್ಕರ ಕೀಯನ್ನ ಒಳಗೆ ಕಾಯಂ ಸಿಕ್ಕಿಸಿಟ್ರೆ ನೀವೇ ಹೊರಗಿನ ದಾರಿ ಮುಚ್ಚಿದ ಹಾಗಾಯ್ತು. ಆದ್ದರಿಂದ ಸಿಲಿಂಡರ್ ಬದಲಿಸಿ, ಹೊರಗೆ ಕೀ, ಒಳಗೆ ನಾಬ್ ಇರೋದು ತಗೊಳ್ಳಿ. ಬಾಗಲ ಅಂಚಲ್ಲಿ ಲಾಕಿನ ಪಟ್ಟಿ ಮೇಲೆ ಸಿಲಿಂಡರ್ ನೇರಕ್ಕೆ ಒಂದು ಉದ್ದ ಎಂ5 ಸ್ಕ್ರೂ ಇರ್ತದೆ, ಅದನ್ನ ಪೂರ್ತಿ ಬಿಚ್ಚಿ, ಕೀ ಹಾಕಿ ಚೂರು ಚೂರು ಆಚೀಚೆ ತಿರುಗಿಸ್ತಾ ಎಳೆದ್ರೆ ಒಳಗಿನ ನಾಲಿಗೆ ನೇರ ಆದ ಕ್ಷಣ ಸಿಲಿಂಡರ್ ಈಚೆ ಬರ್ತದೆ. ಆ ಸ್ಕ್ರೂ ತೂತಿಂದ ಎರಡು ತುದಿಗೂ ಬೇರೆ ಬೇರೆ ಅಳತೆ ತಗೊಂಡು, 30-30 ಇದ್ಯೋ 30-40 ಇದ್ಯೋ ನೋಡಿ, ಅದೇ ಅಳತೆಯದ್ದು ತರಿಸಿ. ಹೊರಗಡೆ ತುದಿ ಹ್ಯಾಂಡಲ್ ಪ್ಲೇಟಿಗೆ ಸಮ ಇರ್ಬೇಕು, 3 ಮಿಲಿಮೀಟರಿಗಿಂತ ಜಾಸ್ತಿ ಚಾಚಿದ್ರೆ ಇಕ್ಕಳದಲ್ಲಿ ಹಿಡಿದು ಮುರಿಯೋಕೆ ಕಳ್ಳರಿಗೆ ಸುಲಭ, ಆ ಸ್ಕ್ರೂ ತೂತಿನ ಜಾಗವೇ ಸಿಲಿಂಡರಿನ ಅತಿ ಬಡಕಲು ಜಾಗ.

ನಾಬ್ ಸಿಲಿಂಡರ್ ಹಾಕಿದ್ಮೇಲೆ ಒಂದು ಗಮನಿಸಿ. ಹೊರಗಿಂದ ಕೀ ತಿರುಗಿಸಿದ್ರೆ ಹೆಚ್ಚಿನ ಸಿಲಿಂಡರುಗಳಲ್ಲಿ ಒಳಗಿನ ನಾಬೂ ಜೊತೆಗೆ ತಿರುಗ್ತದೆ, ಅಂದ್ರೆ ನಾಬಿಗೆ ಕಟ್ಟಿದ ಮೋಟರನ್ನೂ ಆ ಕೀಯೇ ಎಳ್ಕೊಂಡು ತಿರುಗಿಸ್ಬೇಕು. ಮೋಟರ್ ಆರಿಸೋವಾಗ ಜನ ಎಡವೋದು ಇಲ್ಲೇ. ಇಂಟರ್‌ನೆಟ್ಟಲ್ಲಿ ನೋಡಿ ವರ್ಮ್ ಗೇರ್ (ಸ್ಕ್ರೂ ಥರದ ಗೇರ್) ಮೋಟರ್ ತರಿಸ್ತಾರೆ, ಗಾತ್ರ ಚಿಕ್ಕದು, ಬಲ ರಾಕ್ಷಸನದ್ದು, ಆದ್ರೆ ವರ್ಮ್ ಗೇರನ್ನ ಆಚೆ ಕಡೆಯಿಂದ ತಿರುಗಿಸೋಕೆ ಆಗೂದೇ ಇಲ್ಲ, ಕರೆಂಟ್ ಇಲ್ಲ ಅಂದ್ರೆ ನಾಬ್ ಕಲ್ಲು. ಬಾಗಲ ಲಾಕಿಗೆ ವರ್ಮ್ ಗೇರ್ ಹಾಕ್ಲೇಬೇಡಿ.

ಸರ್ವೋ ಯಾಕೆ ಬೇಡ? ಎಂಜಿ996ಆರ್ 6 ವೋಲ್ಟಲ್ಲಿ ಸುಮಾರು 11 ಕೆಜಿ-ಸೆಂಟಿಮೀಟರ್ ಕೊಡ್ತದೆ ಅಂತ ಬರ್ದಿರ್ತಾರೆ, ಅದು ಮೋಟರ್ ಸಿಕ್ಕಿಬಿದ್ದು ನಿಂತಾಗಿನ ಬಲ, ದಿನಾ ನೆಚ್ಕೋಬಹುದಾದದ್ದು ಅದರ ಮೂರನೇ ಒಂದು ಭಾಗ ಅಂತ ನಾನು ಇಟ್ಕೊಳ್ತೇನೆ, ಬಿಸಿಲಲ್ಲಿ ಹ್ಯಾಗೋ ನಡೀಬಹುದಿತ್ತು. ಆದ್ರೆ ಅದು ತಿರುಗೋದೇ ಹೆಚ್ಚೆಂದ್ರೆ 180 ಡಿಗ್ರಿ, ನಿಮ್ಮ ಲಾಕಿಗೆ ಬೇಕಾದದ್ದು ಎರಡು ಸುತ್ತು ಅಂದ್ರೆ 720. ಗೇರ್ ಹಾಕಿ ನಾಲ್ಕು ಪಟ್ಟು ತಿರುಗಿಸ್ತೇನೆ ಅಂದ್ರೆ ಬಲ ನಾಲ್ಕನೇ ಒಂದು ಭಾಗಕ್ಕೆ ಇಳೀತದೆ. ಲೆಕ್ಕ ಕೂಡೂದಿಲ್ಲ.

ನಿಮ್ಮ ಬಾಗಲಿಗೆ ನಾನು ಹಾಕೋದು ಇದು: 37 ಮಿಲಿಮೀಟರ್ ದಪ್ಪದ 12 ವೋಲ್ಟ್ ಡಿಸಿ ಗೇರ್ ಮೋಟರ್, ಹಿಂದೆ ಎಷ್ಟು ತಿರುಗ್ತು ಅಂತ ಎಣಿಸೋ ಎನ್‌ಕೋಡರ್ ಇರೋದು, ಗೇರ್ ರೇಶಿಯೋ 1:30 ಆಸುಪಾಸು. ಅದನ್ನ ನಾಬಿಗೆ ನೇರ ಜೋಡಿಸಿದ್ರೆ ಬಾಗಲಿಂದ ಕೊಂಬು ಹೊರಟ ಹಾಗೆ ಕಾಣ್ತದೆ, ಸೀರೆ ಸೆರಗು ಸಿಕ್ಕಿಬೀಳ್ತದೆ. ಹಾಗಾಗಿ ಮೋಟರನ್ನ ನಾಬಿಗಿಂತ ಮೇಲ್ಗಡೆ ಬಾಗಲಿಗೆ ಹತ್ತಿರ ಇಟ್ಟು, 3ಡಿ ಪ್ರಿಂಟರಿಗೆ ಬಳಸೋ ಜಿಟಿ2 ಹಲ್ಲಿನ ಬೆಲ್ಟಲ್ಲಿ ಎಳೆಸಿ, ಮೋಟರಿಗೆ 20 ಹಲ್ಲಿನ ಪುಲ್ಲಿ, ನಾಬ್ ಕಡೆ 60 ಹಲ್ಲಿಂದು, ಅಲ್ಲಿಗೆ ಇನ್ನೊಂದು 1:3 ಸಿಕ್ತು. ಮೋಟರಿನ ಶಾಫ್ಟ್ ಬಾಗಲ ಕಡೆಗೋ ಈಚೆಗೋ ಮುಖ ಮಾಡ್ಲೇಬೇಕು, ಬೆಲ್ಟ್ ಓಡೋದು ಬಾಗಲಿಗೆ ಸಮಾಂತರವಾಗಿ, ಹಾಗಾಗಿ ಮೋಟರಿನ ಉದ್ದ ಪೂರ್ತಿ ಬಾಗಲಿಂದ ಚಾಚೇ ಇರ್ತದೆ ನಿಜ, ಆದ್ರೆ ಅದು ಹ್ಯಾಂಡಲ್ಲಿಗಿಂತ ಮೇಲೆ, ಕೈ ಆಡೋ ಜಾಗ ಬಿಟ್ಟು ಡಬ್ಬಿಯೊಳಗೆ ಇರ್ತದೆ. ಬೆಲ್ಟಿಗೆ ತುಕ್ಕು ಇಲ್ಲ, ಶಬ್ದ ಕಮ್ಮಿ, ತೀರಾ ಸಿಕ್ಕಿಬಿದ್ರೆ ಹಲ್ಲು ಜಾರಿ ಲಾಕನ್ನ ಉಳಿಸ್ತದೆ. ಇಂಥ ಒಂದು ಒಳ್ಳೆ ಮೋಟರಿಗೆ 1 ಆಂಪಿಗೆ ಸುಮಾರು 2.5 ಕೆಜಿ-ಸೆಂಟಿಮೀಟರ್ ಸಿಗ್ತದೆ, 1.5 ಆಂಪಿಗೆ ಹತ್ರತ್ರ 4, ಬೆಲ್ಟಿಂದ ಮೂರು ಪಟ್ಟಾಗಿ 11ರ ಆಸುಪಾಸು. ನಿಮ್ಮ ಮಳೆಗಾಲದ ಅಂಕಿ 5 ಅಂತಿಟ್ಕೊಂಡ್ರೂ ಎರಡು ಪಟ್ಟು ಮಿಗ್ತದೆ, ಎರಡು ಸುತ್ತು ಎರಡು ಮೂರು ಸೆಕೆಂಡಲ್ಲಿ ಮುಗೀತದೆ.

60 ಹಲ್ಲಿನ ಪುಲ್ಲಿಗೆ ನಾಬನ್ನ ಅಪ್ಪಿ ಹಿಡಿಯೋ ಒಂದು ಬಟ್ಟಲು ಬೇಕು, ಅದ್ರ ಹೊರಮುಖಕ್ಕೆ ಮೇಲೆ ಹೇಳಿದ ರೆಕ್ಕೆ. ಇದು 3ಡಿ ಪ್ರಿಂಟ್ ಮಾಡಿಸೋದು ಸುಲಭ, ಪಿಎಲ್‌ಎ ಪ್ಲಾಸ್ಟಿಕ್ ಬೇಡ, ಅದು 60 ಡಿಗ್ರಿ ಹತ್ರ ಮೆತ್ತಗಾಗ್ತದೆ, ಪಡುವಣ ಮುಖದ ಬಾಗಲಿಗೆ ಏಪ್ರಿಲ್ ಮಧ್ಯಾಹ್ನದ ಬಿಸಿಲು ಹೊಡೆದ್ರೆ ಸೊಟ್ಟ ಆಗ್ಬಹುದು, ಪಿಇಟಿಜಿ ಪ್ಲಾಸ್ಟಿಕ್ಕಲ್ಲಿ ಮಾಡ್ಸಿ. ಮೋಟರ್ ಕೂರಿಸೋಕೆ 3 ಮಿಲಿಮೀಟರ್ ಅಲ್ಯೂಮಿನಿಯಂ ತಗಡು ಕತ್ತರಿಸಿ ಹ್ಯಾಂಡಲ್ ಪ್ಲೇಟಿನ ಅಡಿಗೆ ತೂರಿಸಿ ಅದೇ ಹಳೇ ಸ್ಕ್ರೂ ತೂತಿಗೆ ಸ್ವಲ್ಪ ಉದ್ದದ ಸ್ಕ್ರೂ ಹಾಕಿ ಬಿಗಿದ್ರೆ ಅಪ್ಪನ ಬಾಗಲಿಗೆ ಹೊಸ ಗಾಯ ಆಗೂದಿಲ್ಲ. ಡಬಲ್ ಸೈಡ್ ಟೇಪ್ ನಂಬ್ಬೇಡಿ, ಪಾಲಿಶ್ ಮಾಡಿದ ಮರದ ಮೇಲೆ ಆಷಾಢದ ತೇವಕ್ಕೆ ಬಿಟ್ಕೊಳ್ತದೆ, ಅದೂ ಮೋಟರ್ ಪ್ರತಿಸಲ ತಿರುಚ್ತಾ ಇರೋವಾಗ.

ಡ್ರೈವರ್ ಬೋರ್ಡಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೇನೆ, ಕೈಗೆ ಬಾಗಲು ಹಗುರ ಆಗೋದು ಬಿಡೋದು ಇಲ್ಲೇ ಇದೆ. ಎಲ್ಲ ಅಂಗಡಿಲೂ ಸಿಗೋ ಎಲ್298ಎನ್ ಡ್ರೈವರ್ ಬೇಡ, ಅದೇ 2 ವೋಲ್ಟಿನಷ್ಟು ನುಂಗಿ ಬಿಸಿ ಆಗ್ತಾ ಕೂರ್ತದೆ. ಡಿಆರ್‌ವಿ8871 ತಗೊಳ್ಳಿ. ಇದ್ರಲ್ಲಿ ಎರಡು ಇನ್‌ಪುಟ್ ಇವೆ, ಎರಡನ್ನೂ ಮೇಲಕ್ಕೆತ್ತಿದ್ರೆ ಮೋಟರಿನ ಎರಡು ತಂತಿ ಒಳಗೊಳಗೇ ಶಾರ್ಟ್ ಆಗಿ ಬ್ರೇಕ್ ಬೀಳ್ತದೆ, ಆಗ ನಾಬ್ ತಿರುಗಿಸಿದ್ರೆ ಜೇನುತುಪ್ಪದಲ್ಲಿ ಸೌಟು ಆಡಿಸಿದ ಹಾಗೆ ಭಾರ. ಎರಡನ್ನೂ ಕೆಳಗಿಳಿಸಿದ್ರೆ ಮೋಟರಿನ ಕೈಬಿಟ್ಟುಬಿಡ್ತದೆ, ನಾಬ್ ಸಲೀಸಾಗಿ ತಿರುಗ್ತದೆ. ಹಾಗಾಗಿ ಕೋಡಲ್ಲಿ ಕೆಲಸ ಮುಗಿದ ಕೂಡ್ಲೇ ಎರಡೂ ಸೊನ್ನೆ, ಯಾವತ್ತೂ. ಬೋರ್ಡು ಸತ್ತಾಗಲೂ ಸೊನ್ನೆಯಲ್ಲೇ ಇರ್ಲಿ ಅಂತ ಎರಡೂ ತಂತಿಗೆ 10 ಕಿಲೋಓಮ್ ರೆಸಿಸ್ಟರ್ ಗ್ರೌಂಡಿಗೆ ಕಟ್ಟಿ. ಇಎಸ್‌ಪಿ32ರ 0, 2, 5, 12, 14, 15 ನಂಬರ್ ಪಿನ್ನುಗಳನ್ನ ಮೋಟರಿಗೆ ಬಳಸ್ಬೇಡಿ, ಬೋರ್ಡು ಆನ್ ಆಗೋವಾಗ ಅವುಗಳಿಗೆ ಬೇರೆ ಕೆಲಸ ಇರ್ತದೆ, ಕೆಲವು ಒಮ್ಮೆ ಮಿನುಗ್ತವೆ, ಕರೆಂಟ್ ಬಂದು ಹೋಗಿ ಮಾಡಿದಾಗೆಲ್ಲ ಲಾಕ್ ಒಂದು ಚೂರು ಅಲುಗಾಡೋದು ಬೇಡ. 25, 26, 27 ಆರಾಮ.

ಈ ಡ್ರೈವರಿನ ಇನ್ನೊಂದು ಒಳ್ಳೆ ಗುಣ, ಒಂದೇ ರೆಸಿಸ್ಟರಿಂದ ಕರೆಂಟಿಗೆ ಮಿತಿ ಹಾಕ್ಬಹುದು. 64ನ್ನ ಕಿಲೋಓಮಿಂದ ಭಾಗಿಸಿದ್ರೆ ಆಂಪ್ ಬರ್ತದೆ, 43 ಕಿಲೋಓಮ್ ಹಾಕಿದ್ರೆ ಸುಮಾರು 1.5 ಆಂಪ್. ಕೋಡ್ ಏನೇ ತಪ್ಪು ಮಾಡ್ಲಿ, ಅದಕ್ಕಿಂತ ಮೇಲೆ ಹೋಗೂದಿಲ್ಲ. ಅದ್ರ ಮೇಲೆ ಕೋಡಲ್ಲೂ ಒಂದು ಕಾವಲು ಇರ್ಲಿ, ಮೋಟರ್ ಓಡಿಸ್ತಾ ಇದ್ದೂ ಕಾಲು ಸೆಕೆಂಡ್ ಎನ್‌ಕೋಡರ್ ಎಣಿಕೆ ಮುಂದೆ ಹೋಗಿಲ್ಲ ಅಂದ್ರೆ ನಿಲ್ಲಿಸು, ಸ್ವಲ್ಪ ಹಿಂದೆ ತಿರುಗಿಸು, ಕೈಬಿಡು, ಬಜರ್ ಒತ್ತು. ಎರಡ್ಮೂರು ಸಲ ತಾನೇ ಗುದ್ದಾಡೋ ಬುದ್ಧಿ ಅದಕ್ಕೆ ಕೊಡ್ಬೇಡಿ.

ಎಲ್ಲ ಜೋಡಿಸಿ ಆದ್ಮೇಲೆ ಪವರ್ ಪೂರ್ತಿ ಕಿತ್ತು ಮತ್ತೆ ಹುಕ್ ತಕ್ಕಡಿ ತಗೊಂಡು ಹೊರಗಿನ ಕೀಗೆ ಪಟ್ಟಿ ಕಟ್ಟಿ ಅಳೀರಿ. ಮೋಟರ್ ಇಲ್ಲದಾಗ ಬಂದ ಅಂಕಿಗಿಂತ 2 ಕೆಜಿ-ಸೆಂಟಿಮೀಟರಿಗೂ ಜಾಸ್ತಿ ಭಾರ ಆಗಿದ್ರೆ ಮೋಟರಿನ ರೇಶಿಯೋ ಇಳಿಸಿ 1:19ರದ್ದು ಹಾಕಿ, ಅಥವಾ ಬೆಲ್ಟ್ ತೀರಾ ಬಿಗಿ ಆಗಿದ್ಯಾ ನೋಡಿ. ಈ ಪರೀಕ್ಷೆ ಪಾಸಾಗದೆ ಮನೇಲಿ ಬಿಟ್ಟು ಬೆಂಗಳೂರಿಗೆ ಹೋಗ್ಬೇಡಿ.

ಕರೆಂಟ್ ವಿಷಯ. ಇಎಸ್‌ಪಿ32 ನಿದ್ದೆಯಲ್ಲಿದ್ರೆ ಬ್ಯಾಟರಿ ಬಹಳ ಕಾಲ ಬರ್ತದೆ ಅಂತ ಎಲ್ಲ ಕಡೆ ಓದಿರ್ತೀರಿ, ಆ ಚಿಪ್ ಗಾಢ ನಿದ್ದೆಯಲ್ಲಿ ಮೈಕ್ರೋಆಂಪ್ ಲೆಕ್ಕದಲ್ಲಿ ಕುಡಿಯೋದು ನಿಜ, ಆದ್ರೆ ನಿದ್ದೆಯಲ್ಲಿರೋದಕ್ಕೆ ಫೋನಿಂದ ಕರೆದ್ರೆ ಕೇಳೂದಿಲ್ಲ. ವೈಫೈ ಕೇಳ್ತಾ ಕೂತಿರ್ಬೇಕು ಅಂದ್ರೆ ಹತ್ರತ್ರ 100 ಮಿಲಿಆಂಪ್ ಎಳೀತಾ ಇರ್ತದೆ, ಮೂರು 18650 ಲಿಥಿಯಂ ಸೆಲ್ ಸೇರಿ ಮೂರು ದಿನ ಬಂದ್ರೆ ಜಾಸ್ತಿ. ಆದ್ದರಿಂದ ಇದು ಗೋಡೆ ಕರೆಂಟಲ್ಲೇ ಓಡ್ಬೇಕು, ಬ್ಯಾಟರಿ ಬೆನ್ನಿಗೆ ಇರ್ಬೇಕು. ಬಿಡಿ ಸೆಲ್ ತಂದು ನೀವೇ ಪ್ಯಾಕ್ ಕಟ್ಟೋದು ಬೇಡ, ಲಿಥಿಯಂ ಪ್ಯಾಕು ನಿಮ್ಮ ಕಣ್ಣೆದುರಿಗಿಲ್ಲದ ಮನೇಲಿ, ಮರದ ಬಾಗಲ ಮೇಲೆ ಕೂರೋದು ನನಗೆ ಒಪ್ಪಿಗೆ ಇಲ್ಲ. ರೌಟರಿಗೆ ಅಂತ 12 ವೋಲ್ಟ್ 2 ಆಂಪಿನ ಚಿಕ್ಕ ಯುಪಿಎಸ್ ಸಿಗ್ತದೆ, ಅದ್ರೊಳಗೆ ಬ್ಯಾಟರಿ, ಚಾರ್ಜರ್, ರಕ್ಷಣೆ ಎಲ್ಲ ಇರ್ತದೆ, ಅಂಥದ್ದು ಎರಡು ತಗೊಳ್ಳಿ, ಒಂದು ರೌಟರಿಗೆ, ಒಂದು ಲಾಕಿಗೆ. ಲಾಕಿಂದು ಗೋಡೆ ಮೇಲೆ ಇರ್ಲಿ, ಅಲ್ಲಿಂದ ಹಿಂಜ್ ಪಕ್ಕ ಮೆತ್ತನೆ ಎಳೆಎಳೆ ತಂತಿ, ಸುರುಳಿ ಬಿಟ್ಟು ಬಾಗಲಿಗೆ ಬರ್ಲಿ. ಮೋಟರ್ ಹೊರಡೋವಾಗ ವೋಲ್ಟ್ ಕುಸಿದು ಇಎಸ್‌ಪಿ32 ರೀಸೆಟ್ ಆಗೋದು ಎಲ್ಲರಿಗೂ ಬರೋ ಕಾಯಿಲೆ, ಡ್ರೈವರಿನ ಪವರ್ ಪಿನ್ನಿಗೇ 1000 ಮೈಕ್ರೋಫ್ಯಾರಡ್ 25 ವೋಲ್ಟಿನ ಕೆಪಾಸಿಟರ್ ಹಾಕಿ, ಬೋರ್ಡಿಗೆ ಬೇರೆ ಬಕ್ ಕನ್ವರ್ಟರಿಂದ (ವೋಲ್ಟ್ ಇಳಿಸೋ ಬೋರ್ಡಿಂದ) 5 ವೋಲ್ಟ್ ಕೊಡಿ. ಮೇ ತಿಂಗಳ ಗುಡುಗು ಸಿಡಿಲಿಗೆ ನಮ್ಮಲ್ಲಿ ಟಿವಿ ಪ್ಲಗ್ ಕೀಳೋ ಹಾಗೆ ಈ ಅಡಾಪ್ಟರನ್ನೂ ಕೀಳೋಕೆ ಆಯಿಗೆ ಹೇಳಿ, ಬ್ಯಾಟರಿ ಅಷ್ಟೊತ್ತು ನೋಡ್ಕೊಳ್ತದೆ.

ಕರೆಂಟ್ ಹೋಗಿ ಬಂದಾಗ ಲಾಕ್ ಏನು ಮಾಡ್ಬೇಕು? ಏನೂ ಮಾಡ್ಬಾರದು. ಆನ್ ಆದ ಕೂಡ್ಲೇ ಮೋಟರ್ ತಿರುಗೋ ಕೋಡ್ ಬರೀಲೇಬೇಡಿ. ಪವರ್ ಇಲ್ಲದಾಗ ಯಾರೋ ಕೈಯಲ್ಲಿ ತಿರುಗಿಸಿರ್ತಾರೆ, ಎನ್‌ಕೋಡರಿನ ಹಳೇ ಎಣಿಕೆ ಸುಳ್ಳಾಗಿರ್ತದೆ, ಆಗ ಫೋನಲ್ಲಿ ಸ್ಥಿತಿ ಗೊತ್ತಿಲ್ಲ ಅಂತಲೇ ತೋರಿಸ್ಲಿ, ಮುಂದಿನ ಆರ್ಡರ್ ಬಂದಾಗ ಮೆಲ್ಲಗೆ ತುದಿ ತನಕ ಹೋಗಿ ಲೆಕ್ಕ ಹೊಸದಾಗಿ ಶುರು ಮಾಡ್ಲಿ. ಬಾಗಲಿಗೆ ಒಂದು ಮ್ಯಾಗ್ನೆಟ್, ಚೌಕಟ್ಟಿಗೆ ಮ್ಯಾಗ್ನೆಟ್ ಹತ್ರ ಬಂದ್ರೆ ಒತ್ಕೊಳ್ಳೋ ಒಂದು ರೀಡ್ ಸ್ವಿಚ್ ಹಾಕಿ, ಬಾಗಲು ಪೂರ್ತಿ ಹಾಕಿಲ್ಲ ಅಂದ್ರೆ ಬೋಲ್ಟ್ ಹೊರಗೆ ಬರ್ಬಾರದು, ಬಂದ ಬೋಲ್ಟಿನ ಮೇಲೆ ಗಾಳಿಗೆ ಬಾಗಲು ಬಡಿದ್ರೆ ಚೌಕಟ್ಟೇ ಸೀಳ್ತದೆ.

ತಾನಾಗಿ ಲಾಕ್ ಆಗೋ ಸೌಲಭ್ಯ ಎಲ್ಲರಿಗೂ ಆಸೆ. ನಿಮ್ಮಲ್ಲಿ ಹಾಕ್ಬೇಡಿ. ಸಂಜೆ ತುಳಸಿ ಕಟ್ಟೆಗೆ ದೀಪ ಇಡೋಕೆ ಅಂತ ಬಾಗಲು ಮುಂದೆ ಮಾಡ್ಕೊಂಡು ಹೊರಗೆ ಬಂದಿರ್ತಾರೆ, ಕೀ ಫೋನು ಎರಡೂ ಒಳಗೆ, ಅಷ್ಟರಲ್ಲಿ ಹಿಂದೆ ಮೋಟರ್ ಗರ್ ಅಂದ್ರೆ ಆಯಿ ಕತ್ತಲಲ್ಲಿ ಅಂಗಳದಲ್ಲಿ. ಲಾಕ್ ಆಗೋದು ಆಯಿ ಬಟನ್ ಒತ್ತಿದ್ರೆ ಮಾತ್ರ. ಆ ಬಟನ್ ದೊಡ್ಡದಿರ್ಲಿ, ಅಂಗೈಯಿಂದ ಒತ್ತೋ ಹಾಗೆ, ಬಾಗಲ ಪಕ್ಕ ಒಂದು, ಮಂಚದ ಪಕ್ಕ ಒಂದು. ನಿಮ್ಮ ಆ್ಯಪಿಗಿಂತ ಈ ಮಂಚದ ಬಟನ್ನಿಗೆ ಜಾಸ್ತಿ ಯೋಚನೆ ಕೊಡಿ, ಮಂಡಿ ನೋವಿನ ದಿನ ಪಕ್ಕದ ಮನೆಯವರು ಬಂದು ಕರೆದಾಗ ಅವರಿಗೆ ಉಪಯೋಗಕ್ಕೆ ಬರೋದು ಅದು.

ಹೊರಗಿಂದ ಬರೋರಿಗೆ ಗೋಡೆ ಮೇಲೆ ನಂಬರ್ ಕೀಪ್ಯಾಡ್ ಸಾಕು, ಐಪಿ65 ಅಥವಾ ಅದಕ್ಕಿಂತ ಮೇಲಿನದ್ದು, ಮಳೆ ಎರಚಲಿಗೆ ತಡೀಬೇಕು. ಕೀಪ್ಯಾಡ್ ಹೊರಗಿದ್ರೂ ತೀರ್ಮಾನ ಮಾಡೋ ಬೋರ್ಡು ಒಳಗೇ ಇರ್ಬೇಕು, ರಿಲೇ (ಲಾಕನ್ನ ತೆಗೆಸೋ ಸ್ವಿಚ್) ಒಳಗೊಂಡ ಕೀಪ್ಯಾಡನ್ನ ಹೊರಗೋಡೆಗೆ ಹಾಕಿದ್ರೆ ಅದನ್ನ ಬಿಚ್ಚಿ ಎರಡು ತಂತಿ ಮುಟ್ಟಿಸಿದವರಿಗೆಲ್ಲ ಬಾಗಲು ತೆಗೀತದೆ. ಐದು ಸಲ ತಪ್ಪಾದ್ರೆ ಸ್ವಲ್ಪ ಹೊತ್ತು ಕಿವಿ ಮುಚ್ಕೊಳ್ಲಿ. ಕೆಲಸದವರಿಗೆ ಒಂದು ನಂಬರ್, ನೆಂಟರಿಗೆ ಒಂದು, ಬೇಡ ಅಂದಾಗ ಅಳಿಸಿದ್ರಾಯ್ತು. ಗೇಟಿಗೆ ಹಾಕೋ 433 ಮೆಗಾಹರ್ಟ್ಸ್ ರಿಮೋಟ್ ಬೇಡ, ಅಗ್ಗದವು ಪ್ರತಿಸಲ ಒಂದೇ ಕೋಡ್ ಕಳಿಸ್ತವೆ, ಅದನ್ನ ನಕಲು ಮಾಡೋ ರಿಮೋಟು ಮಾರ್ಕೆಟಲ್ಲೇ ಸಿಗ್ತದೆ.

ಬೆಂಗಳೂರಿಂದ ತೆಗೆಯೋದು ಆಗ್ತದೆ. ಆದ್ರೆ ರೌಟರಲ್ಲಿ ಪೋರ್ಟ್ ತೆರೆದು ಲಾಕನ್ನ ನೇರ ಇಂಟರ್‌ನೆಟ್ಟಿಗೆ ಒಡ್ಡಬೇಡಿ. ಮನೇಲಿ ಒಂದು ರಾಸ್ಪ್‌ಬೆರಿ ಪೈ (ಅಂಗೈ ಗಾತ್ರದ ಕಂಪ್ಯೂಟರ್) ಮೇಲೆ ಮನೆ ಸಾಧನ ನೋಡ್ಕೊಳ್ಳೋ ಹೋಮ್ ಅಸಿಸ್ಟೆಂಟ್ ಸಾಫ್ಟ್‌ವೇರ್, ಇಎಸ್‌ಪಿ32ಗೆ ಅದ್ರ ಜೊತೆ ಮಾತಾಡೋ ಇಎಸ್‌ಪಿಹೋಮ್, ಎರಡರ ನಡುವೆ ಎನ್‌ಕ್ರಿಪ್ಶನ್ ಕೀ ಹಾಕಿ, ಹೊರಗಿಂದ ನೀವು ವೈರ್‌ಗಾರ್ಡ್ ವಿಪಿಎನ್ (ಬೀಗ ಹಾಕಿದ ಖಾಸಗಿ ದಾರಿ) ಒಳಗಿಂದಲೇ ಬನ್ನಿ. ಪೈ ಕೆಟ್ಟು ಕೂತ್ರೂ ಬಟನ್, ಕೀಪ್ಯಾಡ್ ಎರಡೂ ನಡೀಬೇಕು, ಅದಕ್ಕೆ ಆ ಎರಡರ ಲೆಕ್ಕ ಇಎಸ್‌ಪಿ32 ಒಳಗೇ ಬರೀರಿ. ಬಾಗಲ ಎದುರು ಯಾರಿದ್ದಾರೆ ಅಂತ ಕಣ್ಣಿಗೆ ಕಾಣದೆ ಐನೂರು ಕಿಲೋಮೀಟರ್ ದೂರದಿಂದ ತೆಗೀಬೇಡಿ, ಒಂದು ಕ್ಯಾಮೆರಾ ಆದ್ರೂ ಇರ್ಲಿ, ಮತ್ತೆ ತೆಗೆಯೋ ಮುಂಚೆ ಆಯಿಗೆ ಒಂದು ಫೋನ್ ಮಾಡಿ. ಮನೆ ಅವರದ್ದು ಮಾರಾಯ್ರೆ, ಹೇಳದೆ ಕೇಳದೆ ಬಾಗಲು ತೆರ್ಕೊಂಡ್ರೆ ಯಾರಿಗಾದ್ರೂ ಎದೆ ಹಾರ್ತದೆ.

ಇನ್ನು ನಮ್ಮ ಬಾಗಲುಗಳ ಒಂದು ವಿಶೇಷ, ಒಂದೇ ಲಾಕ್ ಇರೋದಿಲ್ಲ. ಮೇಲೆ ಟವರ್ ಬೋಲ್ಟ್, ನಡುವೆ ಚಿಲಕ, ಕೆಲವು ಮನೇಲಿ ಅಡ್ಡ ಅಗಳಿ. ರಾತ್ರಿ ಆಯಿ ರೂಢಿ ಮೇಲೆ ಅವೆಲ್ಲ ಹಾಕ್ಕೊಂಡು ಮಲಗಿದ್ರೆ ಬಚ್ಚಲಲ್ಲಿ ಜಾರಿ ಬಿದ್ದ ದಿನ ನಿಮ್ಮ ಮೋಟರ್ ತಿರುಗ್ತದೆ, ಬಾಗಲು ಮಾತ್ರ ತೆಗೆಯೂದಿಲ್ಲ. ಇದನ್ನ ಅವರ ಜೊತೆ ಕೂತು ಸಮಾಧಾನದಲ್ಲಿ ಮಾತಾಡಿ. ಚಿಲಕ ಹಾಕದೆ ನಿದ್ದೆ ಬರೂದಿಲ್ಲ ಅಂದ್ರೆ ಒತ್ತಾಯ ಬೇಡ, ಹಿಂಬಾಗಲಿಗೆ ಹೊರಗಿಂದ ಕೀ ಹಾಕಿ ತೆಗೆಯೋ ಲಾಕ್ ಒಂದನ್ನೇ ಇಟ್ಟು ಆ ಕೀಯನ್ನ ನಂಬಿಕೆಯ ನೆರೆಮನೆಯಲ್ಲಿ ಕೊಟ್ಟಿಡಿ. ಮುಂಬಾಗಲ ಒಂದು ಕೀಯೂ ಅಲ್ಲೇ ಇರ್ಲಿ.

ಕಡಲ ಗಾಳಿಯ ಉಪ್ಪು ಎಲೆಕ್ಟ್ರಾನಿಕ್ಸನ್ನ ನಿಧಾನಕ್ಕೆ ತಿನ್ನತದೆ. ಸಿಕ್ಕಿಸೋ ಜಂಪರ್ ತಂತಿಯಲ್ಲಿ ಕೆಲಸ ಮುಗಿಸಿದ್ರೆ ಒಂದು ಮಳೆಗಾಲ ಕಳೆಯೋದ್ರಲ್ಲಿ ಪಿನ್ನಿನ ಬುಡದಲ್ಲಿ ಹಸಿರು ಕಿಲುಬು ಕಾಣ್ತದೆ, ಆಮೇಲೆ ಒಂದು ದಿನ ನಡೀತದೆ ಒಂದು ದಿನ ಇಲ್ಲ. ಎಲ್ಲಾ ಜೋಡಣೆ ಬೆಸುಗೆ ಹಾಕಿ, ಪರೀಕ್ಷೆ ಮುಗಿದ್ಮೇಲೆ ಬೋರ್ಡಿನ ಎರಡೂ ಮುಖಕ್ಕೆ ಸಿಲಿಕೋನ್ ಕನ್‌ಫಾರ್ಮಲ್ ಕೋಟಿಂಗ್ (ತೇವ ತಡೆಯೋ ತೆಳು ಲೇಪ) ಬಳೀರಿ, ಯುಎಸ್‌ಬಿ ಬಾಯಿ, ವೈಫೈ ಆಂಟೆನಾ ಬಿಟ್ಟು. ಸ್ಕ್ರೂಗಳು ಎಸ್‌ಎಸ್ 316 (ಒಂದು ಬಗೆ ಸ್ಟೇನ್‌ಲೆಸ್ ಸ್ಟೀಲ್) ಸಿಕ್ಕಿದ್ರೆ ಒಳ್ಳೇದು, 304ಕ್ಕಿಂತ ಉಪ್ಪಿಗೆ ಅದು ಗಟ್ಟಿ, ಅದ್ರಲ್ಲಿ ಮಾಲಿಬ್ಡಿನಮ್ ಇರ್ತದೆ. ಡಬ್ಬಿಯ ತೂತುಗಳಿಗೆ ಸಣ್ಣ ಜಾಲರಿ ಹಾಕಿ, ಇರುವೆ ಮತ್ತು ಹಲ್ಲಿ ಮರಿಗಳಿಗೆ ಬೆಚ್ಚಗಿನ ಬೋರ್ಡು ಅಂದ್ರೆ ಬಲು ಇಷ್ಟ.

ತಂದಿಟ್ಟ ಎಂಜಿ996ಆರ್ ವೇಸ್ಟ್ ಆಗೂದಿಲ್ಲ. ಹಿಂಬಾಗಲಿಗೆ ಒಳಗಡೆ ಗುಬ್ಬಿ ಇರೋ ನೈಟ್ ಲ್ಯಾಚ್ ಇದ್ದು, ಅದು ಕಾಲು ಸುತ್ತಲ್ಲಿ ತೆಗೀತದೆ ಅಂತಾದ್ರೆ ಅಲ್ಲಿಗೆ ಈ ಸರ್ವೋ ಸರಿಹೋಗ್ತದೆ. ಅಲ್ಲಿ ಗುಬ್ಬಿಯನ್ನ ಸರ್ವೋಗೆ ಗಟ್ಟಿಯಾಗಿ ಜೋಡಿಸ್ಬೇಡಿ. ಸರ್ವೋ ತೋಳಿಗೆ ಒಂದೇ ಕೊಕ್ಕೆ ಇಟ್ಟು, ಅದು ಗುಬ್ಬಿಯ ಕಿವಿಗೆ ಒಂದು ಕಡೆಯಿಂದ ಮಾತ್ರ ತಾಗಿ ತಳ್ಳೋ ಹಾಗೆ ಮಾಡಿ, ತಳ್ಳಿ ಆದ್ಮೇಲೆ ಕೊಕ್ಕೆ ತನ್ನ ಜಾಗಕ್ಕೆ ವಾಪಸ್ ಬಂದು ನಿಲ್ಲಬೇಕು, ಆಗ ಕೈಯಿಂದ ಗುಬ್ಬಿ ತಿರುಗಿಸೋವಾಗ ಸರ್ವೋ ದಾರಿಗೆ ಅಡ್ಡ ಇರೂದಿಲ್ಲ. ಕೆಲಸ ಇಲ್ಲದಾಗ ಸರ್ವೋದ ಪವರನ್ನ ಒಂದು ಮಾಸ್‌ಫೆಟ್ಟಿಂದ (ಎಲೆಕ್ಟ್ರಾನಿಕ್ ಸ್ವಿಚ್ಚಿಂದ) ಪೂರ್ತಿ ಕಡಿದುಬಿಡಿ, ಇಲ್ಲಾಂದ್ರೆ ರಾತ್ರಿಯಿಡೀ ಗುಂಯ್ ಅಂತ ಸದ್ದು ಮಾಡ್ತಾ ಬಿಸಿ ಆಗ್ತಾ ಇರ್ತದೆ. ಮೊದಲು ಈ ಹಿಂಬಾಗಲಿಂದೇ ಮಾಡಿ ಒಂದು ಮಳೆಗಾಲ ನಡೆಸಿ ನೋಡಿ, ಮುಂಬಾಗಲಿಗೆ ಅಷ್ಟರಲ್ಲಿ ಆಚಾರ್ರ ಕೆಲಸ, ನಾಬ್ ಸಿಲಿಂಡರ್, ರೆಕ್ಕೆಯ ತಿರುಗಣೆ ಮೂರೂ ಆಗಿರ್ಲಿ. ಮಳೆಗಾಲದ ತಕ್ಕಡಿ ಅಂಕಿ, ಸಿಲಿಂಡರಿನ ಎರಡು ಕಡೆಯ ಉದ್ದ, ಹ್ಯಾಂಡಲ್ ಪ್ಲೇಟಿನ ಸ್ಕ್ರೂಗಳ ನಡುವಿನ ದೂರ, ಇಷ್ಟು ಬರೆದು ಕಳಿಸಿದ್ರೆ ತಗಡಿನ ಅಳತೆ ಮತ್ತು ಬೆಲ್ಟಿನ ಉದ್ದ ನಾನು ಲೆಕ್ಕ ಹಾಕಿ ಕೊಡ್ತೇನೆ.